ಅತ್ತೆ-ಮಾವನ ಜೊತೆ ಒಂದು ದಿನಕ್ಕೆ ನೆದರ್‌ಲ್ಯಾಂಡ್ಸ್‌ನ ಕೋಟೆ ಊರು: ನಾರ್ಡನ್ನಾ, ಬೂರ್ಟಾಂಗೆನಾ?

ಹಂಪಿ_ಎಕ್ಸ್‌ಪ್ರೆಸ್
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಊರಿಂದ ಅತ್ತೆ, ಮಾವ ಬರ್ತಿದಾರೆ. ಆಮ್‌ಸ್ಟರ್‌ಡಾಮ್ ಪಕ್ಕದ ಆಮ್‌ಸ್ಟಲ್‌ವೇನ್‌ನಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರೋ ಹಾಗೆ ಒಂದು ಹಳೇ ಕೋಟೆ ಊರು ತೋರಿಸ್ಬೇಕು. ಕಾರಿಲ್ಲ. ಜೊತೆಗೆ ಆರು ವರ್ಷದ ಮಗ ಇರ್ತಾನೆ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಕಷ್ಟ. ಮಾವ ನಿವೃತ್ತ ಮೇಷ್ಟ್ರು, ಇತಿಹಾಸ ಅಂದ್ರೆ ಪ್ರಾಣ. ಎಲ್ಲರೂ ಸಸ್ಯಾಹಾರಿಗಳು.

ನಕ್ಷತ್ರದ ಆಕಾರದ ಬೂರ್ಟಾಂಗೆ ಫೋಟೊ ನೋಡಿ ಮಾವ ಅದನ್ನೇ ಕೇಳ್ತಿದಾರೆ. ಕೆಲವರು ನಾರ್ಡನ್ ಹತ್ತಿರ, ಅಲ್ಲಿಗೇ ಹೋಗಿ ಅಂತಾರೆ. ಯಾವುದು ಸರಿ? ಎಷ್ಟು ಗಂಟೆ ಬೇಕು? ಏನು ನೋಡ್ಬೇಕು, ಏನು ಬಿಡ್ಬೇಕು?

ಕಾಲುವೆ_ದಂಡೆ
ನಾರ್ಡನ್. ಯೋಚನೆ ಮಾಡ್ಲೇಬೇಡಿ.

ಬೂರ್ಟಾಂಗೆ ಇರೋದು ಗ್ರೋನಿಂಗನ್ ಪ್ರಾಂತ್ಯದಲ್ಲಿ, ಜರ್ಮನಿ ಗಡಿ ಪಕ್ಕ. ರೈಲಲ್ಲಿ ಗ್ರೋನಿಂಗನ್‌ಗೇ ಎರಡು ಗಂಟೆ ಮೇಲಾಗುತ್ತೆ. ಅಲ್ಲಿಂದ ವಿನ್‌ಸ್ಕೋಟನ್ ಕಡೆ ಇನ್ನೊಂದು ರೈಲು, ಆಮೇಲೆ ಬಸ್ಸು. ಆಮ್‌ಸ್ಟಲ್‌ವೇನ್ ಮನೆಬಾಗಿಲಿಂದ ಲೆಕ್ಕ ಹಾಕಿದ್ರೆ ಹೋಗೋಕೇ ಮೂರೂವರೆ, ನಾಲ್ಕು ಗಂಟೆ. ಒಂದು ಬಸ್ಸು ತಪ್ಪಿದ್ರೆ ಇಡೀ ದಿನ ಹೋಯ್ತು. ವಾರಾಂತ್ಯದಲ್ಲಂತೂ ಆ ಕಡೆ ಬಸ್ಸು ಕಮ್ಮಿ.

ಬಯಲುಸೀಮೆ
ಕಾಲುವೆ_ದಂಡೆ ಹೇಳಿದ್ದು ದೂರದ ಮಟ್ಟಿಗೆ ಸರಿ. ಆದ್ರೆ ಬೂರ್ಟಾಂಗೆ ಬೇರೆ ಥರದ ಅನುಭವ, ಅದನ್ನ ಹೀಗೆ ಒಂದೇ ಸಾಲಲ್ಲಿ ತಳ್ಳಿಹಾಕ್ಬೇಡಿ. ಅದು ಐದು ಮೂಲೆಯ ಕೋಟೆ. 1580ರಲ್ಲಿ ಸ್ಪೇನ್ ವಿರುದ್ಧದ ಡಚ್ ದಂಗೆಯ ನಾಯಕ ಆರೇಂಜಿನ ವಿಲಿಯಂ ಆದೇಶ ಕೊಟ್ಟ, 1593ರಲ್ಲಿ ಕೆಲಸ ಮುಗೀತು. ಆಮೇಲೆ ಹಾಳುಬಿದ್ದು ಹಳ್ಳಿಯಾಗಿ ಹೋಗಿತ್ತು. 1960ರ ದಶಕದ ಕೊನೆಯಿಂದ ಅದನ್ನ 1742ರಲ್ಲಿ ಹೇಗಿತ್ತೋ ಹಾಗೇ ಮತ್ತೆ ಕಟ್ಟಿದ್ರು. ಅಂದ್ರೆ ಅಲ್ಲಿ ನೋಡೋದ್ರಲ್ಲಿ ಬಹುಪಾಲು ಮರುನಿರ್ಮಾಣ. ನಾರ್ಡನ್‌ನಲ್ಲಿ ಗೋಡೆ, ಕಂದಕ ಎರಡೂ 17ನೇ ಶತಮಾನದ ರೂಪದಲ್ಲೇ ಉಳಿದಿವೆ, ಒಳಗೆ ಜನ ಸಂಸಾರ ಮಾಡ್ತಿದಾರೆ. ಕಾರಿದ್ದು ಒಂದು ರಾತ್ರಿ ಉಳಿಯೋದಾದ್ರೆ ಬೂರ್ಟಾಂಗೆ, ಇಲ್ಲಾಂದ್ರೆ ನಾರ್ಡನ್.

ಧಾರವಾಡ_ಪೇಢಾ
ರೈಲಿನ ಮಾತು ನಾ ಹೇಳ್ತೀನ್ರಿ, ಎಲ್ಲಾರೂ ತಪ್ಪು ಮಾಡೂದು ಅಲ್ಲೇ.

ಆಮ್‌ಸ್ಟಲ್‌ವೇನ್‌ದಿಂದ 5 ಇಲ್ಲಾ 25ನೇ ನಂಬರ್ ಟ್ರಾಮ್ ಹಿಡದು ಸ್ಟೇಷನ್ ಜೌಡ್‌ಗೆ ಬರ್ರಿ. ಟ್ರಾಮ್‌ನ್ಯಾಗ ಇಳಿಯೂ ಮುಂದ ಯಂತ್ರಕ್ಕ ಕಾರ್ಡ್ ತೋರ್ಸಿ ಚೆಕ್-ಔಟ್ ಮಾಡ್ರಿ, ಆಮ್ಯಾಲೆ ರೈಲಿನ ಗೇಟಿನ್ಯಾಗ ಮತ್ತ ತೋರ್ಸಿ ಚೆಕ್-ಇನ್. ಎರಡೂ ಬ್ಯಾರೆ ಬ್ಯಾರೆ ಕಂಪನಿ, ಒಂದು ಮರ್ತ್ರೂ ದಂಡ ಬೀಳತೈತಿ. ಇಳಿಯೂ ಸ್ಟೇಷನ್ "ನಾರ್ಡನ್-ಬುಸ್ಸಮ್". ನೇರ ರೈಲು ಸಿಗದಿದ್ರ ವೇಸ್ಪ್‌ನ್ಯಾಗ ಬದಲಿ ಮಾಡಬೇಕು. ಆಮ್‌ಸ್ಟರ್‌ಡಾಮ್ ಸೆಂಟ್ರಾಲ್ ಸ್ಟೇಷನ್‌ದಿಂದ ಬರೋರಿಗೆ ಅರ್ಧ ತಾಸಿನೊಳಗ ಮುಟ್ಟತೈತಿ.

ಈಗ ಬ್ಯಾಂಕ್ ಕಾರ್ಡ್ ತೋರ್ಸಿನೂ ಹೋಗಬಹುದು. ಆದ್ರ ಒಂದು ಕಾರ್ಡಿಗೆ ಒಬ್ಬರೇ. ಮಾವನ ಕಾರ್ಡ್ ಎರಡು ಸಲ ತೋರ್ಸಿದ್ರ ಅತ್ತಿದು ಆಗೂದಿಲ್ಲ, ಮೊದಲನೇದು ಚೆಕ್-ಔಟ್ ಆಗಿಬಿಡತೈತಿ.

ಕಾಫಿತೋಟ
ಪೇಢಾ ಸರ್ ಹೇಳಿದ್ದಕ್ಕೆ ಎರಡು ಸೇರಿಸ್ತೀನಿ.

ಒಂದು: ಪ್ಲಾಸ್ಟಿಕ್ ಕಾರ್ಡ್ ತೋರ್ಸಿ ಹತ್ತಿದ್ರೆ ಅದನ್ನೇ ತೋರ್ಸಿ ಇಳೀಬೇಕು. ಅದೇ ಕಾರ್ಡ್ ಫೋನಲ್ಲಿದ್ರೂ ಯಂತ್ರಕ್ಕೆ ಅದು ಬೇರೆ ಕಾರ್ಡ್. ಫೋನ್ ತೋರ್ಸಿ ಇಳಿದ್ರೆ ಎರಡೂ ಕಡೆ ಅರ್ಧ ಪ್ರಯಾಣ ಅಂತ ದಾಖಲಾಗಿ ರೈಲಿಗೆ 20 ಯೂರೊ ಕಡಿತ ಆಗುತ್ತೆ. ವಾಪಸ್ ಕೇಳಬಹುದು, ಆದ್ರೆ ಫಾರಂ ತುಂಬೋ ಕೆಲಸ ನಿಮ್ಮದು.

ಎರಡು: ಊರಿಂದ ಬರೋವಾಗ ಬ್ಯಾಂಕ್ ಆ್ಯಪ್‌ನಲ್ಲಿ "ಅಂತರರಾಷ್ಟ್ರೀಯ" ಮತ್ತು "ಕಾಂಟ್ಯಾಕ್ಟ್‌ಲೆಸ್" ಎರಡೂ ಆನ್ ಮಾಡಿಕೊಂಡು ಬರೋಕೆ ಹೇಳಿ. ವೀಸಾ, ಮಾಸ್ಟರ್‌ಕಾರ್ಡ್ ನಡೆಯುತ್ತೆ, ರುಪೇ ನಂಬಿಕೊಂಡು ಬರಬೇಡಿ. ಅದಿಲ್ಲಾಂದ್ರೆ ಸ್ಟೇಷನ್ ಯಂತ್ರದಲ್ಲಿ ಕಾಗದದ ಟಿಕೆಟ್ ತಗೊಳ್ಳಿ, ಸ್ವಲ್ಪ ಜಾಸ್ತಿ ಬೀಳುತ್ತೆ ಅಷ್ಟೆ.

ಮಗನಿಗೆ ರೈಲಲ್ಲಿ ರೈಲ್‌ರನ್ನರ್ ಟಿಕೆಟ್ ಸಾಕು, 4ರಿಂದ 11 ವರ್ಷದವರಿಗೆ. ಅದು ಟ್ರಾಮ್‌ಗೆ, ಬಸ್ಸಿಗೆ ನಡೆಯಲ್ಲ, ಅದಕ್ಕೆ ಬೇರೆ.

ಹಂಪಿ_ಎಕ್ಸ್‌ಪ್ರೆಸ್
ತುಂಬಾ ಉಪಕಾರ ಆಯ್ತು. ಸ್ಟೇಷನ್‌ನಿಂದ ಕೋಟೆ ಕಾಣುತ್ತಾ?

ಕಾಲುವೆ_ದಂಡೆ
ಕಾಣಲ್ಲ. ಸ್ಟೇಷನ್ ಇರೋದು ಬುಸ್ಸಮ್ ಊರಲ್ಲಿ. ಕೋಟೆ ಅಲ್ಲಿಂದ ಉತ್ತರಕ್ಕೆ ಸುಮಾರು 2 ಕಿ.ಮೀ., ನಡೆದ್ರೆ 25 ನಿಮಿಷ. ಅತ್ತೆಗೆ ಬೇಡ. ಸ್ಟೇಷನ್ ಮುಂದಿಂದ ಬಸ್ಸು ಇದೆ. ಮ್ಯಾಪ್‌ನಲ್ಲಿ ಹುಡುಕೋವಾಗ ಬರೀ "ನಾರ್ಡನ್" ಅಂತ ಹಾಕ್ಬೇಡಿ, "ನಾರ್ಡನ್-ಫೆಸ್ಟಿಂಗ್" ಅಂತ ಹಾಕಿ. ಫೆಸ್ಟಿಂಗ್ ಅಂದ್ರೆ ಕೋಟೆ. ಬರೀ ನಾರ್ಡನ್ ಅಂದ್ರೆ ಹೊರಗಿನ ಬಡಾವಣೆಗೆ ಕರ್ಕೊಂಡು ಹೋಗುತ್ತೆ, ಅಲ್ಲಿ ಮನೆ ಬಿಟ್ರೆ ಏನಿಲ್ಲ.

ದುರ್ಗದ_ಬಂಡೆ
ಒಂದು ಮುಖ್ಯವಾದ ಮಾತು. ಫೋಟೊದಲ್ಲಿ ಕಾಣೋ ನಕ್ಷತ್ರ ನೆಲದ ಮೇಲೆ ನಿಂತವರಿಗೆ ಕಾಣಲ್ಲ. ಅದು ವಿಮಾನದಿಂದ ತೆಗೆದ ಚಿತ್ರ. ಹೋದವರಲ್ಲಿ ಮುಕ್ಕಾಲು ಜನ ಊರೊಳಗಿನ ಅಂಗಡಿ ಬೀದಿ ಮಾರ್ಕ್ಟ್‌ಸ್ಟ್ರಾಟ್‌ನಲ್ಲಿ ಓಡಾಡಿ, ಕಾಫಿ ಕುಡಿದು, ಅಂಗಡಿ ನೋಡಿ, "ಕೋಟೆ ಎಲ್ಲಿ?" ಅಂತ ವಾಪಸ್ ಬರ್ತಾರೆ. ಕೋಟೆ ಇರೋದು ಊರಿನ ಅಂಚಲ್ಲಿ. ಅದರ ಮೇಲೆ ನಡೀಬೇಕು.

ಮಾವನಿಗೆ ಇದನ್ನ ಮೊದಲೇ ಹೇಳಿಬಿಡಿ. ನಮ್ಮ ಕೋಟೆಗಳ ಲೆಕ್ಕದಲ್ಲಿ ಎತ್ತರದ ಕಲ್ಲಿನ ಗೋಡೆ, ಮೇಲೆ ತೆನೆ, ಬತ್ತೇರಿ ಅಂತ ನಿರೀಕ್ಷೆ ಇಟ್ಟುಕೊಂಡು ಹೋದ್ರೆ ಅಲ್ಲಿ ಸಿಗೋದು ಹುಲ್ಲು ಬೆಳೆದ ಮಣ್ಣಿನ ದಿಬ್ಬ, ಇಟ್ಟಿಗೆ ಹೊದಿಕೆ, ಅಗಲವಾದ ನೀರು. ಯಾಕೆ ಹಾಗೆ ಅಂತ ಗೊತ್ತಾದ್ರೆ ಮಾತ್ರ ಆ ದಿಬ್ಬಕ್ಕೆ ಬೆಲೆ ಬರುತ್ತೆ.

ಕಲ್ಲಿನ ಗೋಡೆಗೆ ಫಿರಂಗಿ ಗುಂಡು ಬಿದ್ರೆ ಕಲ್ಲು ಸಿಡಿಯುತ್ತೆ, ಆ ಚೂರೇ ಒಳಗಿದ್ದವರನ್ನ ಕೊಲ್ಲುತ್ತೆ. ಮಣ್ಣು ಗುಂಡನ್ನ ನುಂಗುತ್ತೆ. ಹಾಗಾಗಿ ಗೋಡೆ ತಗ್ಗಾಯ್ತು, ದಪ್ಪ ಆಯ್ತು. ಇನ್ನು ದುಂಡನೆ ಬುರುಜಿನ ಮುಂದೆ ಒಂದು ಕುರುಡು ಜಾಗ ಉಳಿಯುತ್ತೆ, ಶತ್ರು ಅಲ್ಲಿ ಬಂದು ಗೋಡೆಗೆ ಅಂಟಿಕೊಂಡು ಕೂತ್ರೆ ಮೇಲಿಂದ ಯಾರಿಗೂ ಕಾಣಲ್ಲ. ಬುರುಜನ್ನ ಚೂಪು ಮಾಡಿದ್ರೆ ಆ ಜಾಗವೇ ಇರಲ್ಲ. ಪ್ರತಿ ಕೊತ್ತಳದ ಮುಖವನ್ನೂ ಪಕ್ಕದ ಕೊತ್ತಳದಿಂದ ಹೊಡೀಬಹುದು. ನಕ್ಷತ್ರ ಆಗಿದ್ದು ಅಂದಕ್ಕಲ್ಲ, ಈ ಲೆಕ್ಕಕ್ಕೆ.

ಅಲ್ಲಿ ಹೀಗೆ ಮಾಡಿ: ಯಾವುದಾದ್ರೂ ಕೊತ್ತಳದ ಪಕ್ಕೆ, ಅಂದ್ರೆ ಅದು ನೇರ ಗೋಡೆಗೆ ಬಂದು ಸೇರೋ ಮೂಲೆ, ಅಲ್ಲಿ ನಿಂತ್ಕೊಳ್ಳಿ. ಕಂದಕದ ನೀರಿನ ಮೇಲೆ ನೇರಕ್ಕೆ ಕಣ್ಣು ಹಾಯಿಸಿ. ಎದುರು ಕೊತ್ತಳದ ಇಟ್ಟಿಗೆ ಗೋಡೆ ಬುಡದಿಂದ ತುದಿವರೆಗೆ ಒಂದೇ ಗೆರೆಯಲ್ಲಿ ಕಾಣುತ್ತೆ. ಫಿರಂಗಿ ಅಲ್ಲೇ ಇಡ್ತಿದ್ರು. ಆರು ವರ್ಷದ ಹುಡುಗನಿಗೂ ಅರ್ಥ ಆಗುತ್ತೆ, "ನೀನು ಇಲ್ಲಿ, ಕಳ್ಳ ಅಲ್ಲಿ, ಎಲ್ಲಿ ಬಚ್ಚಿಟ್ಕೋತಾನೆ ತೋರ್ಸು" ಅಂದ್ರೆ ಸಾಕು.

ಹೇಮಾವತಿ_ತೀರ
ಇದೇ ಲೆಕ್ಕ ನಮ್ಮ ಸಕಲೇಶಪುರದ ಮಂಜರಾಬಾದ್ ಕೋಟೆಯಲ್ಲೂ ಇದೆ ಅಲ್ವಾ? ಎಂಟು ಮೂಲೆಯ ನಕ್ಷತ್ರ, ಟಿಪ್ಪು ಕಾಲದ್ದು, 1792. ಮಾವನಿಗೆ ಅದನ್ನ ನೆನಪು ಮಾಡಿದ್ರೆ ಬೇಗ ಹಿಡೀತಾರೆ.

ದುರ್ಗದ_ಬಂಡೆ
ಹೌದು, ಒಂದೇ ಕುಟುಂಬ. ಮಂಜರಾಬಾದ್‌ಗೆ ಫ್ರೆಂಚ್ ಪದ್ಧತಿ ಮಾದರಿ. ವ್ಯತ್ಯಾಸ ನೆಲದ್ದು. ಅಲ್ಲಿ ಗುಡ್ಡದ ನೆತ್ತಿ, ಕಲ್ಲು, ಗಾರೆ. ಇಲ್ಲಿ ಎರಡು ಮಾರು ಅಗೆದ್ರೆ ನೀರು. ಅದಕ್ಕೇ ಡಚ್ಚರು ನೀರನ್ನೇ ಗೋಡೆ ಮಾಡಿಕೊಂಡ್ರು. ನಾರ್ಡನ್‌ಗೆ ಆರು ಕೊತ್ತಳ, ಎರಡು ಸುತ್ತು ಕಂದಕ. ಎರಡು ಕಂದಕದ ಮಧ್ಯೆ ತ್ರಿಕೋನದ ನಡುಗಡ್ಡೆಗಳಿವೆ, ಅವಕ್ಕೆ ರಾವೆಲಿನ್ ಅಂತಾರೆ.

ಪುಸ್ತಕಹುಳು
ನಾರ್ಡನ್ ಕೂಡ ಫ್ರೆಂಚ್ ಎಂಜಿನಿಯರ್ ವೋಬಾನ್ ಕಟ್ಟಿದ್ದು ಅಂತ ಓದಿದ ನೆನಪು.

ಬಯಲುಸೀಮೆ
ತಪ್ಪು. ಇದು ಎಲ್ಲಾ ಕಡೆ ತಿರುಗ್ತಿರೋ ತಪ್ಪು, ಇಲ್ಲೇ ನಿಲ್ಲಿಸೋಣ. 1672ರಲ್ಲಿ ಫ್ರೆಂಚರು ನಾರ್ಡನ್ ಹಿಡಿದ್ರು. 1673ರ ಸೆಪ್ಟೆಂಬರ್‌ನಲ್ಲಿ ಡಚ್ಚರ ನಾಯಕ ಮೂರನೇ ವಿಲಿಯಂ ಒಂದು ವಾರದ ಮುತ್ತಿಗೆ ಹಾಕಿ ಬಿಡಿಸಿಕೊಂಡ. ಇಷ್ಟು ಸುಲಭವಾಗಿ ಕೈ ಬದಲಾಗೋ ಊರು ಆಮ್‌ಸ್ಟರ್‌ಡಾಮ್ ಬಾಗಿಲಲ್ಲಿ ಇರಬಾರದು ಅಂತ 1675ರಿಂದ 1685ರವರೆಗೆ ಹೊಸದಾಗಿ ಕಟ್ಟಿದ್ರು. ಯೋಜನೆಯಲ್ಲಿ ಮುಖ್ಯ ಹೆಸರು ಆಡ್ರಿಯಾನ್ ಡಾರ್ಟ್ಸ್‌ಮನ್, ಆಮ್‌ಸ್ಟರ್‌ಡಾಮ್‌ನ ದುಂಡನೆ ಲೂಥರನ್ ಚರ್ಚ್ ಮಾಡಿದವನೇ. ಫ್ರೆಂಚ್ ಪದ್ಧತಿಯ ಪ್ರಭಾವ ಇದೆ ಅನ್ನಿ, ಒಪ್ತೀನಿ. ವೋಬಾನ್ ಕಟ್ಟಿದ್ದಲ್ಲ.

ಪುಸ್ತಕಹುಳು
ಸರಿ, ತಿದ್ದಿಕೊಂಡೆ. ಧನ್ಯವಾದ. ಆಮ್‌ಸ್ಟರ್‌ಡಾಮ್ ಕಾಯೋಕೆ ನಾರ್ಡನ್ನೇ ಯಾಕೆ?

ಬಯಲುಸೀಮೆ
ಇದು ಒಳ್ಳೇ ಪ್ರಶ್ನೆ, ನಾರ್ಡನ್‌ನ ಗುಟ್ಟೇ ಇದರಲ್ಲಿದೆ.

ಡಚ್ಚರ ರಕ್ಷಣೆ ಅಂದ್ರೆ ಹೊಲಕ್ಕೆ ನೀರು ಬಿಡೋದು. ತೂಬು ಎತ್ತಿ ನೆಲವನ್ನ ಮೊಣಕಾಲಷ್ಟು ಮುಳುಗಿಸ್ತಾರೆ, ಸುಮಾರು 40-50 ಸೆಂ.ಮೀ. ಆ ಆಳದ ಲೆಕ್ಕ ನೋಡಿ: ಸೈನಿಕ, ಕುದುರೆ, ಫಿರಂಗಿ ಗಾಡಿ ನಡೆಯೋಕೆ ಜಾಸ್ತಿ, ದೋಣಿ ತೇಲಿಸೋಕೆ ಕಮ್ಮಿ. ಕೆಳಗಿನ ಹಳ್ಳ, ಬೇಲಿ, ದಾರಿ ಯಾವುದೂ ಕಾಣಲ್ಲ. ಆದ್ರೆ ಎತ್ತರದ ನೆಲಕ್ಕೆ ನೀರು ಹತ್ತಲ್ಲ. ನಾರ್ಡನ್ ಪೂರ್ವಕ್ಕೆ ಇರೋ ಹೋಯ್ ಪ್ರದೇಶ ಮರಳು ದಿಬ್ಬ, ಒಣ ನೆಲ. ಉತ್ತರಕ್ಕೆ ಆಗ ಜಾಯ್ಡರ್‌ಜೇ ಸಮುದ್ರ. ಮಧ್ಯೆ ಉಳಿದ ಒಣ ದಾರಿ ಹಿಡಿದು ಸೈನ್ಯ ನೇರ ಆಮ್‌ಸ್ಟರ್‌ಡಾಮ್‌ಗೆ ಬರಬಹುದು. ಆ ದಾರಿಗೆ ಹಾಕಿದ ಬೀಗ ನಾರ್ಡನ್.

ಈ ನೀರಿನ ರಕ್ಷಣಾ ಸಾಲುಗಳು 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ವು. ಆಮ್‌ಸ್ಟರ್‌ಡಾಮ್ ಸುತ್ತಿನ ಕೋಟೆಸಾಲು 1996ರಲ್ಲೇ ಸೇರಿತ್ತು, ಅದನ್ನ ವಿಸ್ತರಿಸಿದ್ರು.

ಕಾಫಿತೋಟ
ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದ್ರೆ?

ದುರ್ಗದ_ಬಂಡೆ
ಅದೇ ಇದರ ದೊಡ್ಡ ದೌರ್ಬಲ್ಯ. ಕಾವಲು ಪಡೆ ಕಂದಕದ ಮಂಜುಗಡ್ಡೆಯನ್ನ ಗರಗಸದಲ್ಲಿ ಕೊಯ್ದು ಮಧ್ಯೆ ನೀರಿನ ಓಣಿ ತೆರೆದಿಡ್ಬೇಕಿತ್ತು. ರಾತ್ರಿ ಮತ್ತೆ ಕಟ್ಟಿಕೊಳ್ಳುತ್ತೆ, ಬೆಳಿಗ್ಗೆ ಮತ್ತೆ ಕೊಯ್ಯಬೇಕು.

ಧಾರವಾಡ_ಪೇಢಾ
ಕೋಟಿ ಸುತ್ತ ಇನ್ನೂ ಬಯಲು ಉಳದೈತಲ್ರಿ, ಅದಕ್ಕೂ ಕಾರಣ ಐತಿ. 1853ರ ಕಾಯ್ದೆ ಪ್ರಕಾರ ಕೋಟಿ ಸುತ್ತ 300, 600, 1000 ಮೀಟರಿಗೆ ಮೂರು ಸುತ್ತು ಗೆರಿ ಹಾಕಿದ್ರು. ಒಳಗಿನ ಸುತ್ತಿನ್ಯಾಗ ಕಟ್ಟಿಗಿ ಮನಿ ಅಷ್ಟೇ ಕಟ್ಟಬೇಕು, ಯುದ್ಧ ಬಂದ್ರ ಸುಟ್ಟು ಗುಂಡಿನ ದಾರಿ ಬಿಡಸಾಕ. ಕಾಯ್ದೆ ಹೋಗಿದ್ದು 1963ರಾಗ. ವೇಸ್ಪ್, ಮೌಡನ್ ಕಡೆ ಅಂಥಾ ಕಟ್ಟಿಗಿ ಮನಿ ಈಗೂ ಅದಾವು. ಮಾವನವರಿಗೆ ತೋರಸ್ರಿ.

ಮಲೆನಾಡ_ಹೊಳೆ
ಇತಿಹಾಸ ಆಯ್ತು, ಈಗ ಅಮ್ಮನ ಮೊಣಕಾಲಿನ ಮಾತು ಯಾರಾದ್ರೂ ಆಡಿ.

ಗೋಡೆ ಮೇಲಿನ ದಾರಿ ಉಚಿತ, ಗೇಟಿಲ್ಲ. ಆದ್ರೆ ಕೊತ್ತಳ ಹತ್ತೋ ಕಡೆ ಏರು ಇದೆ, ಬಹುಪಾಲು ಹುಲ್ಲು-ಮಣ್ಣಿನ ಕಾಲುದಾರಿ, ಅಂಚಿಗೆ ಕಂಬಿ ಇಲ್ಲ. ಮಳೆ ಬಂದ ಮಾರನೇ ದಿನ ಹುಲ್ಲು ಜಾರುತ್ತೆ. ಮಗನ ಕೈ ಬಿಡಬೇಡಿ, ಕೆಳಗೆ ಇರೋದು ಇಟ್ಟಿಗೆ ಗೋಡೆ, ಅದರ ಕೆಳಗೆ ನೀರು. ಊರೊಳಗೆ ರಸ್ತೆ ಇಟ್ಟಿಗೆ ಹಾಸಿದ್ದು, ಸಮತಟ್ಟು. ತೆಳು ಅಟ್ಟೆ ಚಪ್ಪಲಿಯಲ್ಲಿ ಅಂಗಾಲು ನೋಯುತ್ತೆ, ಬೂಟು ಹಾಕಿಸಿ.

ಅಮ್ಮನವರಿಗೆ ಒಂದೇ ಒಂದು ಕೊತ್ತಳ ಸಾಕು. ಅಲ್ಲಿ ಬೆಂಚಲ್ಲಿ ಕೂರಿಸಿ, ಉಳಿದವರು ಇನ್ನೆರಡು ಸುತ್ತಿ ಬನ್ನಿ. ಆರೂ ಸುತ್ತಲೇಬೇಕು ಅಂತಿಲ್ಲ, ಎರಡು ಪಕ್ಕಪಕ್ಕದ ಕೊತ್ತಳ ನೋಡಿದ್ರೆ ಲೆಕ್ಕ ಗೊತ್ತಾಗುತ್ತೆ. ಬೇಸಿಗೆಯಲ್ಲಿ ಕಂದಕದಲ್ಲಿ ದೋಣಿ ಸುತ್ತು ಇರುತ್ತೆ. ನೀರಿಂದ ನೋಡಿದ್ರೆ ಕೊತ್ತಳದ ಮೂಲೆಗಳು ಒಂದೊಂದಾಗಿ ತಿರುಗೋದು ಕಾಣುತ್ತೆ, ನಡೆಯೋಕಾಗದವರಿಗೆ ಇದೇ ಒಳ್ಳೇದು. ಹತ್ತೋವಾಗ ಒಂದು ದೊಡ್ಡ ಹೆಜ್ಜೆ ಕೆಳಗಿಡಬೇಕು, ಒಬ್ಬರು ಮೊದಲು ಇಳಿದು ಕೈ ಕೊಡಿ.

ಉದ್ದ ಹುಲ್ಲಲ್ಲಿ ಮಗನನ್ನ ಹೊರಳಾಡೋಕೆ ಬಿಡಬೇಡಿ. ಜೂನ್‌ನಲ್ಲಿ ಉಣ್ಣಿ, ಅಂದ್ರೆ ರಕ್ತ ಹೀರೋ ಹುಳ, ಜಾಸ್ತಿ. ಮನೆಗೆ ಬಂದ ತಕ್ಷಣ ಮೊಣಕಾಲ ಹಿಂದೆ, ಕಂಕುಳು, ಕಿವಿ ಹಿಂದೆ ನೋಡಿ. ಕಚ್ಚಿದ್ರೆ ಚಿಮುಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೀಬೇಕು. ಎಣ್ಣೆ ಹಚ್ಚೋದು, ಬೆಂಕಿ ತಾಗಿಸೋದು ಬೇಡ.

ಕುಡ್ಲದ_ಗಾಳಿ
ಚರ್ಚ್ ಬಿಡ್ಬೇಡಿ ಮಾರಾಯ್ರೆ! ಗ್ರೋಟೆ ಕೆರ್ಕ್. ಒಳಗೆ ಹೋಗಿ ತಲೆ ಎತ್ತಿದ್ರೆ ಮರದ ಕಮಾನಿನ ಛಾವಣಿ ತುಂಬಾ ಬಣ್ಣದ ಚಿತ್ರಗಳು, 16ನೇ ಶತಮಾನದ ಆರಂಭದ್ದು. ಒಂದು ಕಡೆ ಹಳೇ ಒಡಂಬಡಿಕೆಯ ದೃಶ್ಯ, ಎದುರಿಗೆ ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ದೃಶ್ಯ, ಜೋಡಿ ಜೋಡಿಯಾಗಿ ಉಂಟು. 1572ರಲ್ಲಿ ಊರೆಲ್ಲ ಸುಟ್ಟಾಗಲೂ ಚರ್ಚ್ ಉಳೀತು.

1922ರಿಂದ ಗುಡ್ ಫ್ರೈಡೇಗೆ ಸಂಗೀತಗಾರ ಬಾಖ್‌ನ ಮ್ಯಾಥ್ಯೂ ಪ್ಯಾಶನ್, ಯೇಸುವಿನ ಕೊನೇ ದಿನಗಳ ಕಥೆಯ ಗಾಯನ, ಇಲ್ಲೇ ಹಾಡ್ತಾರೆ, ಬಾಖ್ ಸಂಘದವರು. ಆ ವಾರ ಊರಿಗೆ ಹೋಗೋದಾದ್ರೆ ಚರ್ಚ್ ಸುಮ್ಮನೆ ನೋಡೋಕೆ ಸಿಗ್ಲಿಕ್ಕಿಲ್ಲ.

ಕಾಲುವೆ_ದಂಡೆ
ಚರ್ಚ್ ಬಾಗಿಲು ದಿನವಿಡೀ ತೆರೆದಿರಲ್ಲ ಅನ್ನೋದನ್ನ ಸೇರಿಸಿ. ಮದುವೆ, ಸಂಗೀತ ಕಛೇರಿ ಇದ್ರೆ ಮುಚ್ಚಿರುತ್ತೆ. ಹಿಂದಿನ ದಿನ ಅವರ ಜಾಲತಾಣದಲ್ಲಿ ಸಮಯ ನೋಡಿ, ಅದರ ಸುತ್ತ ದಿನ ಹೊಂದಿಸಿ. ಗೋಡೆ ಎಲ್ಲಿಗೂ ಹೋಗಲ್ಲ.

ಸೋಮವಾರ ಹೋಗ್ಬೇಡಿ. ಮ್ಯೂಸಿಯಂ ಇಲ್ಲ, ಅಂಗಡಿಗಳೂ ಬಹಳಷ್ಟು ಮುಚ್ಚಿರುತ್ತೆ.

ಹಂಪಿ_ಎಕ್ಸ್‌ಪ್ರೆಸ್
1572ರಲ್ಲಿ ಏನಾಯ್ತು? ಮಾವ ಖಂಡಿತ ಕೇಳ್ತಾರೆ.

ಬಯಲುಸೀಮೆ
1572ರ ಡಿಸೆಂಬರ್ 1. ಸ್ಪೇನ್ ವಿರುದ್ಧದ ದಂಗೆಯ ಕಾಲ. ಸ್ಪೇನ್ ಪರವಾಗಿ ಇಲ್ಲಿ ಆಳ್ತಿದ್ದ ಆಲ್ಬಾ ದೊರೆಯ ಮಗ ಡಾನ್ ಫಾದ್ರಿಕೆಯ ಸೈನ್ಯ ಬಂತು. ಊರಿನವರು ಶರಣಾಗಿ ಬಾಗಿಲು ತೆರೆದ್ರು. ಆಮೇಲೆ ಗಂಡಸರನ್ನೆಲ್ಲ ಒಂದು ಕಡೆ ಸೇರಿಸಿ ಕೊಂದ್ರು, ಊರಿಗೆ ಬೆಂಕಿ ಇಟ್ರು. ಬದುಕುಳಿದವರು ಬೆರಳೆಣಿಕೆ. ಉಳಿದ ಊರುಗಳು ಹೆದರಿ ಶರಣಾಗಲಿ ಅನ್ನೋದು ಲೆಕ್ಕ. ಆಗಿದ್ದು ಉಲ್ಟಾ. ಶರಣಾದ್ರೂ ಸಾವೇ ಅಂದ್ಮೇಲೆ ಹೋರಾಡೋಣ ಅಂತ ಮುಂದಿನ ಊರು ಹಾರ್ಲೆಮ್ ಏಳು ತಿಂಗಳು ಮುತ್ತಿಗೆ ತಡ್ಕೊಂಡಿತು.

ಆ ಕೊಲೆ ನಡೆದ ಜಾಗ ಟರ್ಫ್‌ಪೋರ್ಟ್‌ಸ್ಟ್ರಾಟ್‌ನಲ್ಲಿದೆ, "ಸ್ಪಾನ್ಸೆ ಹೌಸ್" ಅಂತ. ಈಗಿನ ಕಟ್ಟಡ 1615ರದ್ದು. ಮುಂಗೋಡೆಯಲ್ಲಿ ಬಣ್ಣ ಹಚ್ಚಿದ ಕಲ್ಲಿನ ಕೆತ್ತನೆ ಇದೆ, ಕತ್ತಿ ಹಿಡಿದ ಸೈನಿಕರು, ಬಿದ್ದ ಜನ. ಫಲಕ ಕಣ್ಣಿನ ಮಟ್ಟಕ್ಕಿಂತ ಮೇಲಿದೆ, ಜನ ಅದರ ಕೆಳಗೇ ನಡೆದುಹೋಗ್ತಾರೆ. ರಸ್ತೆಯ ಎದುರು ಬದಿಗೆ ಹೋಗಿ ನಿಂತು ನೋಡಿ. ಪುರಭವನವೂ ಹತ್ತಿರದಲ್ಲೇ ಇದೆ, ಮೆಟ್ಟಿಲು ಮೆಟ್ಟಿಲಾದ ಮುಂಗೋಡೆ, 1601.

ಪುಸ್ತಕಹುಳು
ಮಾವ ಮೇಷ್ಟ್ರು ಅಂದ್ರಲ್ಲ, ಹಾಗಾದ್ರೆ ಕೊಮೇನಿಯಸ್ ಸಮಾಧಿ ಮೊದಲು! ಬಿ.ಎಡ್. ಓದಿದವರಿಗೆಲ್ಲ ಗೊತ್ತಿರೋ ಹೆಸರು. ಬಡವ, ಶ್ರೀಮಂತ, ಗಂಡು, ಹೆಣ್ಣು ಎಲ್ಲರಿಗೂ ಶಾಲೆ ಬೇಕು, ವಸ್ತು ತೋರಿಸಿ ಕಲಿಸಬೇಕು ಅಂತ 17ನೇ ಶತಮಾನದಲ್ಲಿ ಹೇಳಿದ ಮೊರಾವಿಯಾದ ಮೇಷ್ಟ್ರು. ಮಕ್ಕಳಿಗೆ ಚಿತ್ರವಿರೋ ಪಠ್ಯಪುಸ್ತಕ 1658ರಲ್ಲೇ ಮಾಡಿದವರು. 1670ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ತೀರಿಕೊಂಡ್ರು, ಮಣ್ಣು ಮಾಡಿದ್ದು ನಾರ್ಡನ್‌ನಲ್ಲಿ. ಕ್ಲೋಸ್ಟರ್‌ಸ್ಟ್ರಾಟ್‌ನಲ್ಲಿ ಮ್ಯೂಸಿಯಂ, ಅಲ್ಲೇ ಸಮಾಧಿ ಮಂದಿರ. ಆ ಸಮಾಧಿ ಜಾಗ ಜೆಕ್ ದೇಶದ ನೆಲ.

ಬಯಲುಸೀಮೆ
ಕೊನೇ ವಾಕ್ಯ ಬಿಟ್ಟು ಎಲ್ಲಾ ಸರಿ. ಜೆಕ್ ನೆಲ ಅಲ್ಲ. ಸಾಂಕೇತಿಕ ಬಾಡಿಗೆಗೆ ಅವರ ಸುಪರ್ದಿಗೆ ಕೊಟ್ಟಿದ್ದು. ಸಾರ್ವಭೌಮತ್ವ ಕೈ ಬದಲಾಗಿಲ್ಲ, ಡಚ್ ಕಾನೂನೇ ನಡೆಯುತ್ತೆ.

ಪುಸ್ತಕಹುಳು
ಪ್ರವಾಸಿ ಪುಸ್ತಕಗಳಲ್ಲಿ ಹಾಗೇ ಬರೀತಾರೆ ಸರ್.

ಬಯಲುಸೀಮೆ
ಬರೀತಾರೆ. ಅದಕ್ಕೇ ತಿದ್ದಬೇಕು. ಮೇಷ್ಟ್ರಿಗೆ ತಪ್ಪು ಹೇಳಿಕೊಡೋದು ಬೇಡ. ಜಾಗ ಮಾತ್ರ ನೋಡಲೇಬೇಕಾದ್ದು, ಅದರಲ್ಲಿ ನನ್ನ ತಕರಾರಿಲ್ಲ. ಹಳೇ ಫ್ರಾನ್ಸಿಸ್ಕನ್ ಮಠದ ಪ್ರಾರ್ಥನಾ ಮಂದಿರ ಅದು, 1937ರಲ್ಲಿ ಸಮಾಧಿ ಮಂದಿರ ಮಾಡಿದ್ರು. ಒಳಗೆ ಮೆಟ್ಟಿಲ ಕಾಟ ಇಲ್ಲ, ತಂಪಾಗಿರುತ್ತೆ.

ಕುಡ್ಲದ_ಗಾಳಿ
ಮಗನಿಗೆ ಏನುಂಟು? ಸಮಾಧಿ, ಚರ್ಚ್ ಅಂದ್ರೆ ಅರ್ಧ ಗಂಟೆಯಲ್ಲಿ ಅಳ್ಲಿಕ್ಕೆ ಶುರು.

ದುರ್ಗದ_ಬಂಡೆ
ಕೋಟೆ ಮ್ಯೂಸಿಯಂ. ವೆಸ್ಟ್‌ವಾಲ್‌ಸ್ಟ್ರಾಟ್‌ನಲ್ಲಿ, ಟರ್ಫ್‌ಪೋರ್ಟ್ ಕೊತ್ತಳದ ಒಳಗೇ ಇದೆ. ನೆಲಮಾಳಿಗೆ ಕೋಣೆಗಳು, ಫಿರಂಗಿಗಳು, ಗೋಡೆ ಕೆಳಗೆ ಉದ್ದದ ಕತ್ತಲೆ ಸುರಂಗ. ಶತ್ರು ಸುರಂಗ ಕೊರೆದು ಮದ್ದು ಇಡ್ತಾನಾ ಅಂತ ಕಿವಿಗೊಟ್ಟು ಕೇಳೋಕೆ ಮಾಡಿದ ಜಾಗ ಅದು. ಋತುವಿನಲ್ಲಿ ಕೆಲವು ಭಾನುವಾರ ಫಿರಂಗಿ ಹಾರಿಸಿ ತೋರಿಸ್ತಾರೆ, ತಾರೀಖು ಮೊದಲೇ ನೋಡಿಕೊಳ್ಳಿ. ಸದ್ದು ಜೋರು, ಮಗನ ಕಿವಿ ಮುಚ್ಚಿ. ಒಳಗೆ ನೆಲ ಏರುತಗ್ಗು, ಬಾಗಿಲು ತಗ್ಗು, ಥಂಡಿ. ಜೂನ್ ಆದ್ರೂ ಸ್ವೆಟರ್ ಇರಲಿ. ಅತ್ತೆಯವರು ಅಂಗಳದಲ್ಲಿ ಕೂತ್ಕೋಬಹುದು.

ಕಾಫಿತೋಟ
ಹಲವು ಮ್ಯೂಸಿಯಂಗೆ ಒಂದೇ ಪಾಸ್ ಆಗೋ ಮ್ಯೂಸಿಯಂಕಾರ್ಟ್ ತಗೊಂಡ್ರೆ ಅತ್ತೆ-ಮಾವನಿಗೂ ಉಳಿತಾಯ.

ಮಲೆನಾಡ_ಹೊಳೆ
ಇಲ್ಲ ರೀ. ಇಲ್ಲಿ ವಿಳಾಸ ಇಲ್ಲದವರಿಗೆ ಸಿಗೋದು ತಾತ್ಕಾಲಿಕ ಕಾರ್ಡ್, 31 ದಿನ, ಐದು ಮ್ಯೂಸಿಯಂ ಅಷ್ಟೆ. ಐದೂ ದೊಡ್ಡ ದೊಡ್ಡ ಟಿಕೆಟ್‌ನವು ನೋಡಿದ್ರೆ ಮಾತ್ರ ಗಿಟ್ಟುತ್ತೆ. ನಾರ್ಡನ್‌ಗೋಸ್ಕರ ತಗೋಬೇಡಿ. ಹಂಪಿ ಅವರ ಹತ್ತಿರ ವರ್ಷದ ಕಾರ್ಡ್ ಇದ್ರೆ ಅದು ಕೋಟೆ ಮ್ಯೂಸಿಯಂಗೆ ನಡೆಯುತ್ತೆ.

ಧಾರವಾಡ_ಪೇಢಾ
ಊಟದ್ದು ಯಾರೂ ಹೇಳವಲ್ರಲ್ಲ.

ಮಲೆನಾಡ_ಹೊಳೆ
ಹೇಳ್ತೀನಿ. ಇಲ್ಲೇ ಮೋಸ ಹೋಗೋದು ಜಾಸ್ತಿ.

ಸಾಸಿವೆ ಸೂಪು, ಮೋಸ್ಟರ್ಡ್‌ಸೂಪ್: ಹೆಸರು ಕೇಳಿದ್ರೆ ಸಸ್ಯಾಹಾರ. ಮೇಲೆ ಹಂದಿ ಮಾಂಸದ ಸಣ್ಣ ಚೂರು ಉದುರಿಸಿರ್ತಾರೆ, ಸ್ಪೆಕ್ ಅಂತ. ಟೊಮೆಟೊ ಸೂಪಲ್ಲಿ ಮಾಂಸದ ಉಂಡೆ ಇರಬಹುದು. ಎರಡಕ್ಕೂ "ಸೋಂಡರ್ ಫ್ಲೇಸ್" ಅಂತ ಕೇಳಿ, ಮಾಂಸ ಬೇಡ ಅಂತ. ಸಾರು ಯಾವುದರದ್ದು ಅಂತಲೂ ಕೇಳಿ. ಕ್ರೋಕೆಟ್, ಬಿಟರ್‌ಬಾಲನ್ ದನದ ಮಾಂಸದ್ದು, ನೋಡೋಕೆ ನಮ್ಮ ಬೋಂಡಾ ಥರ ಇರುತ್ತೆ, ಅತ್ತೆಯವರು ಕೈ ಹಾಕೋ ಮುಂಚೆ ಹೇಳಿಬಿಡಿ. ಕಾಸ್‌ಸೂಫ್ಲೆ ಚೀಸ್ ತುಂಬಿ ಕರಿದದ್ದು, ಆದ್ರೆ ಕ್ರೋಕೆಟ್ ಕರಿದ ಎಣ್ಣೆಯಲ್ಲೇ ಕರೀತಾರೆ. ಅದು ಆಗಲ್ಲ ಅನ್ನೋರು ಬಿಡಿ.

ಚೀಸ್‌ನಲ್ಲೂ ಒಂದು ಮಾತು: ಇಲ್ಲಿನ ಬಹಳಷ್ಟು ಗೌಡಾ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕ್ತಾರೆ. ಕಟ್ಟುನಿಟ್ಟಿನವರಾದ್ರೆ ಅದೂ ಬೇಡ. ಪ್ಯಾನ್‌ಕೇಕ್‌ಗೆ ಮೊಟ್ಟೆ ಹಾಕಿರ್ತಾರೆ, ಸೇಬಿನ ಕಡುಬಿಗೂ ಹಾಕಿರಬಹುದು.

ಒಟ್ಟಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ. ಚಪಾತಿ, ಪಲ್ಯ, ಮೊಸರನ್ನ. ಕೊತ್ತಳದ ಮೇಲೆ ಕೂತು ತಿನ್ನಬಹುದು, ಯಾರೂ ಏನೂ ಅನ್ನಲ್ಲ, ಕಸ ವಾಪಸ್ ತಂದ್ರೆ ಆಯ್ತು. ಗಾಳಿ ಜೋರಿರುತ್ತೆ, ಕಾಗದದ ತಟ್ಟೆ ನಿಲ್ಲಲ್ಲ, ಡಬ್ಬಿಯಲ್ಲೇ ತಿನ್ನಿ. ಕಾಫಿಗೆ ಮಾತ್ರ ಹೋಟೆಲ್‌ಗೆ ಹೋಗಿ, ಶೌಚಾಲಯದ ಕೆಲಸವೂ ಆಗುತ್ತೆ. ಗೋಡೆ ಮೇಲೆ ಅದನ್ನ ಹುಡುಕ್ಬೇಡಿ.

ಹೇಮಾವತಿ_ತೀರ
ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಇದೇ ಡಚ್ಚರು ನಮ್ಮ ಬಸ್ರೂರಲ್ಲಿ ಕೋಠಿ ಇಟ್ಟಿದ್ರಲ್ಲ? ಅಲ್ಲಿ ಇಂಥ ಕೋಟೆ ಏನಾದ್ರೂ ಉಳಿದಿದೆಯಾ?

ದುರ್ಗದ_ಬಂಡೆ
ಬಸ್ರೂರಲ್ಲಿ ವ್ಯಾಪಾರದ ಕೋಠಿ, ಅಕ್ಕಿ ಮತ್ತು ಮೆಣಸು, ಕೆಳದಿ ಅರಸರ ಕಾಲ. ಇಂಥ ನಕ್ಷತ್ರದ ಕೋಟೆ ಅಲ್ಲಿಲ್ಲ. ಅದಕ್ಕೆ ಬೇರೆ ಎಳೆ ತೆಗೀರಿ, ಬರೀತೀನಿ.

ಕುಡ್ಲದ_ಗಾಳಿ
ಅದೇ ದಿನ ಮೌಡನ್‌ನ ಅರಮನೆ ಕೋಟೆಯನ್ನೂ ಸೇರಿಸ್ಬಹುದಲ್ಲ? ಏಳೆಂಟು ಕಿ.ಮೀ. ಅಷ್ಟೇ. 13ನೇ ಶತಮಾನದ ಕೋಟೆ, ಗೋಪುರ, ನೀರು, ಮಕ್ಕಳಿಗೆ ಅದೇ ಹೆಚ್ಚು ಇಷ್ಟ ಆಗ್ಲಿಕ್ಕುಂಟು.

ಕಾಲುವೆ_ದಂಡೆ
ಇಬ್ಬರೇ ಸೈಕಲ್ಲಲ್ಲಿ ಹೋಗೋದಾದ್ರೆ ಸೇರಿಸಿ. ಮೌಡನ್‌ಗೆ ರೈಲಿಲ್ಲ, ಬಸ್ಸು ಹಿಡೀಬೇಕು, ಕೋಟೆಯೊಳಗೆ ಸುರುಳಿ ಮೆಟ್ಟಿಲು. ಈ ಗುಂಪಿಗೆ ಬೇಡವೇ ಬೇಡ. ಎರಡೂ ಅರ್ಧಂಬರ್ಧ ಆಗುತ್ತೆ.

ಕುಡ್ಲದ_ಗಾಳಿ
ಮೊಣಕಾಲು ಮರ್ತಿದ್ದೆ. ಸರಿ, ಬಿಡಿ.

ಬಯಲುಸೀಮೆ
ಮುಂದಿನ ಸಲಕ್ಕೆ ಹೋರ್ಕಮ್ ಇಟ್ಕೊಳ್ಳಿ. ರೈಲು ಊರಿಗೇ ಹೋಗುತ್ತೆ. ಅಲ್ಲಿಂದ ದೋಣಿಯಲ್ಲಿ ನದಿ ದಾಟಿ ಲೂವೆಸ್ಟೈನ್ ಕೋಟೆ, ವೌಡ್ರಿಕಮ್ ಕೋಟೆ ಊರು. ಅಲ್ಲಿ ಸೆರೆಯಲ್ಲಿದ್ದ ಡಚ್ ಕಾನೂನು ಪಂಡಿತ ಹ್ಯೂಗೊ ಗ್ರೋಷಿಯಸ್ 1621ರಲ್ಲಿ ಪುಸ್ತಕದ ಪೆಟ್ಟಿಗೆಯಲ್ಲಿ ಅಡಗಿ ತಪ್ಪಿಸಿಕೊಂಡಿದ್ದು ಲೂವೆಸ್ಟೈನ್‌ನಿಂದಲೇ. ದೋಣಿಯ ಕೊನೇ ಸಮಯ ನೋಡಿಕೊಂಡು ಹೋಗಬೇಕು.

ಹಂಪಿ_ಎಕ್ಸ್‌ಪ್ರೆಸ್
ಎಲ್ಲರಿಗೂ ಧನ್ಯವಾದ. ಹೀಗೆ ಅಂದುಕೊಂಡಿದ್ದೀನಿ: ಬುಧವಾರ, 9 ಗಂಟೆ ಮೇಲೆ ರೈಲು. ಬಸ್ಸಲ್ಲಿ ಫೆಸ್ಟಿಂಗ್. ಮೊದಲು ಕೊಮೇನಿಯಸ್, ಆಮೇಲೆ ಸ್ಪಾನ್ಸೆ ಹೌಸ್ ಮುಂದೆ ಹಾದು ಕೋಟೆ ಮ್ಯೂಸಿಯಂ, ಕೊತ್ತಳದ ಮೇಲೆ ಬುತ್ತಿ. ಮಧ್ಯಾಹ್ನ ಚರ್ಚ್ ತೆರೆದಿದ್ರೆ ಚರ್ಚ್, ಕೊನೆಗೆ ದೋಣಿ. ಐದು ಗಂಟೆಗೆ ವಾಪಸ್ ರೈಲು.

ಧಾರವಾಡ_ಪೇಢಾ
ಸಂಜಿ 4ರಿಂದ 6:30 ರಶ್ ಟೈಮ್ ರೀ. ಆ ಹೊತ್ತಿನ್ಯಾಗ ರಿಯಾಯ್ತಿ ಕಾರ್ಡ್ ನಡಿಯೂದಿಲ್ಲ, ಅತ್ತಿಯವರಿಗೆ ಕೂಡಾಕ ಜಾಗಾನೂ ಸಿಗೂದು ಕಷ್ಟ. ನಾಲ್ಕರೊಳಗ ಚೆಕ್-ಇನ್ ಮಾಡ್ರಿ.

ಮಲೆನಾಡ_ಹೊಳೆ
ಮತ್ತೆ ದೋಣಿ ಕೊನೆಗೆ ಬೇಡ. ಬುಧವಾರ ಎಷ್ಟು ಸುತ್ತು ಇದೆ ಅಂತ ಮ್ಯೂಸಿಯಂನಲ್ಲಿ ಮೊದಲೇ ಕೇಳಿ, ಸಿಕ್ಕ ಮೊದಲ ಸುತ್ತಿಗೆ ಹತ್ತಿ. ಚರ್ಚ್ ಆಮೇಲೆ.

ಹಂಪಿ_ಎಕ್ಸ್‌ಪ್ರೆಸ್
ಆಯ್ತು. ಎಂಟೂವರೆಗೆ ಮನೆ ಬಿಟ್ಟು 9ರ ಮೇಲೆ ಜೌಡ್‌ನಲ್ಲಿ ಚೆಕ್-ಇನ್, ಮಧ್ಯಾಹ್ನ 3:45ಕ್ಕೆ ನಾರ್ಡನ್-ಬುಸ್ಸಮ್ ಗೇಟು. ಮಾವನ ಬ್ಯಾಂಕ್‌ಗೆ ಕಾರ್ಡ್ ವಿಷಯ ಈಗಲೇ ಕೇಳಿಸ್ತೀನಿ.